ಗದಗಿನ ರಂಗಭೂಮಿಯ ಹಾಸ್ಯಕವಿ

ಸಂಗೀತ ನಾಟಕಗಳ ಚರಿತ್ರೆಯನ್ನು ಬರೆದವರೆಲ್ಲರೂ ಹಾಡಿದವರನ್ನು ನೆನೆದಿದ್ದಾರೆ; ನಗಿಸಿದವರನ್ನು ನೆನೆದವರು ವಿರಳ. ನಗಿಸುವ ಮಾತನ್ನು ಹೆಣೆದುಕೊಟ್ಟ ಕವಿಯನ್ನಂತೂ ಯಾರೂ ನೆನೆದಂತೆ ತೋರುವುದಿಲ್ಲ. ರಾಜಪಾತ್ರದ ಕಂದ, ವೃತ್ತ, ಪದಗಳು ಅಚ್ಚಾಗಿ ಥೇಟರದ ಬಾಗಿಲಲ್ಲಿ ಕೆಲವು ಕಾಸುಗಳಿಗೆ ಮಾರಾಟವಾದುವು. ಸೇವಕನೂ ಅವನ ಹೆಂಡತಿಯೂ ಆಡಿದ ಜಗಳವು ಆ ರಾತ್ರಿಯೇ ದೀಪದೊಡನೆ ಆರಿಹೋಯಿತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸುತ್ತಣ ನಾಡು ನಮ್ಮ ವೃತ್ತಿರಂಗಭೂಮಿಯ ತೊಟ್ಟಿಲುಗಳಲ್ಲಿ ಒಂದು. ಆ ತೊಟ್ಟಿಲಿನಲ್ಲಿ ಹಾಸ್ಯವೆಂಬ ಶಿಶುವು ಹೇಗೆ ಬೆಳೆಯಿತು, ಅದಕ್ಕೆ ಬರೆವಣಿಗೆಯ ಭಾಗ್ಯವು ಏಕೆ ತಪ್ಪಿತು ಎಂಬುದನ್ನು ಈ ಉಪನ್ಯಾಸದಲ್ಲಿ ನಾವು ವಿಚಾರಿಸತಕ್ಕದ್ದಾಗಿದೆ.

ಮೊದಲು ಈ ನಾಡಿನ ರಾಜ್ಯಸ್ಥಿತಿಯನ್ನು ತಿಳಿಯಬೇಕು. ಈ ನಾಲ್ಕು ಊರುಗಳೂ ೧೯೯೭ರಲ್ಲಿ ರಚಿತವಾದ ಗದಗ ಜಿಲ್ಲೆಗೆ ಸೇರಿದವು. ಆದರೆ ಹಿಂದಿನ ಕಾಲದಲ್ಲಿ ಇವುಗಳ ಮೇಲೆ ಬೇರೆ ಬೇರೆ ಛತ್ರಗಳಿದ್ದುವು. ಗದಗವೂ ಮುಂಡರಗಿಯೂ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿ ಇಂಗ್ಲಿಷರ ಆಳ್ವಿಕೆಗೆ ಒಳಗಾಗಿದ್ದುವು. ಶಿರಹಟ್ಟಿಯು ಸಾಂಗ್ಲಿ ಸಂಸ್ಥಾನದ ಒಂದು ತಾಲ್ಲೂಕು. ಲಕ್ಷ್ಮೇಶ್ವರವು ಮೀರಜ ಸಂಸ್ಥಾನದ ಪಾಲು. ಎರಡೂ ಪಟವರ್ಧನ ಮನೆತನದ ಅಧೀನದವು. ಎಂದರೆ ಜನರು ಆಡುವ ಮಾತು ಕನ್ನಡ. ದೊರೆಯ ಕಚೇರಿಯ ಮಾತು ಮರಾಠಿ. ಈ ವೈಪರೀತ್ಯವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಇಲ್ಲಿಯ ನಾಟಕದ ಕಥೆಯನ್ನು ಅರಿಯುವುದು ಸಾಧ್ಯವಿಲ್ಲ.

ಮರಾಠಿ ನಾಟಕವು ಹುಟ್ಟಿದುದು ಇದೇ ಸಾಂಗ್ಲಿಯ ಅರಮನೆಯಲ್ಲಿ ಎಂಬುದು ಪ್ರಸಿದ್ಧವಾದ ವಿಷಯ. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳವೊಂದು ೧೮೪೨ರಲ್ಲಿ ಸಾಂಗ್ಲಿಗೆ ಹೋಗಿ ಯಕ್ಷಗಾನವನ್ನಾಡಿತು. ಅದನ್ನು ಕಂಡು ಸಂತೋಷಗೊಂಡ ಚಿಂತಾಮಣರಾವ್ ಪಟವರ್ಧನರು ತಮ್ಮ ಆಶ್ರಿತನಾದ ವಿಷ್ಣುದಾಸ ಭಾವೆಗೆ ಅಂತಹುದೇ ಆಟವನ್ನು ಮರಾಠಿಯಲ್ಲಿ ಕಟ್ಟೆಂದು ಅಪ್ಪಣೆಮಾಡಿದರು. ೧೮೪೩ರಲ್ಲಿ ‘ಸೀತಾಸ್ವಯಂವರ’ವು ರಂಗಕ್ಕೇರಿತು. ಕನ್ನಡದ ಬೀಜ ಸಾಂಗ್ಲಿಯ ನೆಲದಲ್ಲಿ ಬಿದ್ದು ಮರಾಠಿಯ ಮರವಾಯಿತು. ಮುಂದೆ ೧೮೮೦ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನಾಡಿಸಿ ಹೊಸ ಯುಗವನ್ನು ತಂದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರೇ. ಆ ಮರದ ನೆರಳು ತಿರುಗಿ ನಮ್ಮ ಮೇಲೆಯೇ ಬಿದ್ದಿತು. ಮರಾಠಿ ಮಂಡಳಿಗಳು ಹುಬ್ಬಳ್ಳಿ, ಧಾರವಾಡ, ಗದಗಗಳಿಗೆ ಬಂದು ತಿಂಗಳುಗಟ್ಟಲೆ ಆಡುತ್ತಿದ್ದುವು. ಕನ್ನಡಿಗರು ಅರ್ಥವಾಗಲಿ ಬಿಡಲಿ ತಲೆದೂಗುತ್ತಿದ್ದರು. ಹಾಡಿಗೆ ತಲೆದೂಗುವುದಕ್ಕೆ ಭಾಷೆ ಬೇಕಾಗಿಲ್ಲವಷ್ಟೆ. ನಗುವುದಕ್ಕೆ ಬೇಕು. ನಮ್ಮ ವಾದದ ಬೇರು ಇಲ್ಲಿಯೇ ಇರುವುದು.

ಈ ಸ್ಥಿತಿಯನ್ನು ಸಹಿಸದೆ ಎದ್ದವರು ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು (೧೮೫೬–೧೯೨೦). ಸಾತೇನಹಳ್ಳಿಯಲ್ಲಿ ಹುಟ್ಟಿ, ಕನ್ನಡ ಶಾಲೆಯ ಶಿಕ್ಷಕರಾಗಿ ಗದಗಿಗೆ ಬಂದ ಈ ತರುಣರು ೧೮೭೦ರ ದಶಕದಲ್ಲಿ ಅಲ್ಲಿಯ ವೀರನಾರಾಯಣನ ಹೆಸರಿನಿಂದ ಒಂದು ಮಂಡಳಿಯನ್ನು ಕಟ್ಟಿದರು. ಗದಗಿಗೆ ಸಂಸ್ಕೃತದಲ್ಲಿ ಕೃತಪುರವೆಂಬ ಹೆಸರುಂಟಾದುದರಿಂದ ಅದು ಕೃತಪುರ ನಾಟಕ ಮಂಡಳಿಯೆನಿಸಿತು. ಕುಮಾರವ್ಯಾಸನು ಭಾರತವನ್ನು ಅರ್ಪಿಸಿದ ದೇವರ ಸನ್ನಿಧಿಯಲ್ಲಿ ಕನ್ನಡ ನಾಟಕವು ಮರಳಿ ಕಣ್ದೆರೆಯಿತೆಂದರೆ ಕೇಳುವುದಕ್ಕೆ ಇಂಪಾಗಿದೆ. ಆದರೆ ಶಾಂತಕವಿಗಳಿಗೆ ಇದ್ದುದು ಇಂಪಿನ ಚಿಂತೆಯಲ್ಲ, ಛಲ. ಅವರ ‘ಉಷಾಹರಣ’ವು ಮರಾಠಿ ಮಂಡಳಿಗಳ ಎದುರಿಗೆ ನಿಂತು ಕನ್ನಡದಲ್ಲಿಯೂ ನಾಟಕವಾಡಬಹುದೆಂದು ತೋರಿಸಿತು. ತರುವಾಯ ಅವರು ಬರೆದ ನಾಟಕಗಳು ಬಹುಸಂಖ್ಯೆಯವು, ಬಹುಮಟ್ಟಿಗೆ ಪುರಾಣಕಥೆಗಳು. ಅವರು ಸ್ವಭಾವತಃ ಕೀರ್ತನಕಾರರು, ಭಕ್ತರು. ಅವರನ್ನು ಹಾಸ್ಯಕವಿಗಳೆಂದರೆ ಅವರೇ ಒಪ್ಪುತ್ತಿದ್ದಿಲ್ಲ. ಆದರೆ ಅವರು ಹಾಕಿಕೊಟ್ಟ ಚೌಕಟ್ಟಿನಲ್ಲಿ ಹಾಸ್ಯಕ್ಕೆ ಒಂದು ಮಣೆ ಇದ್ದೇ ಇತ್ತು.

ಆ ಮಣೆಯ ಮೇಲೆ ಕುಳಿತುಕೊಳ್ಳುವುದಕ್ಕೆ ಮೂವರು ಹಿರಿಯರು ಮುಂಚೆಯೇ ಸಿದ್ಧರಾಗಿದ್ದರು. ಒಬ್ಬನು ಸಂಸ್ಕೃತ ನಾಟಕದ ವಿದೂಷಕ. ಸೂತ್ರಧಾರನು ಮಂಗಳಾಚರಣೆಯನ್ನು ಮುಗಿಸುವುದೇ ತಡ, ಇವನು ಕುಣಿಯುತ್ತ ಬಂದು ಅವನನ್ನು ಕೆಣಕಬೇಕು; ಭಾವೆಯ ಕಾಲದಿಂದಲೂ ಇದು ಕ್ರಮ. ಎರಡನೆಯವನು ನಮ್ಮ ದೊಡ್ಡಾಟದ ಸಾರಥಿ. ಕಿರೀಟ ಭುಜಕೀರ್ತಿಗಳನ್ನು ಹೊತ್ತು ನೆಲ ನಡುಗುವಂತೆ ಹೆಜ್ಜೆಯಿಟ್ಟು ಬಂದ ರಾಜನನ್ನು ‘ನೀನು ಯಾರು, ಯಾವ ಊರು?’ ಎಂದು ಕೇಳುವ ಸಲಿಗೆಯು ಇವನೊಬ್ಬನದು. ಮೂರನೆಯವಳು ‘ಕೃಷ್ಣಪಾರಿಜಾತ’ದ ದೂತಿ. ಭಾಗವತನೊಡನೆ ಅವಳು ನಡೆಸುವ ವಾಗ್ವಾದವನ್ನು ಕೇಳುವುದಕ್ಕೆಂದೇ ಜನರು ಬೆಳಗಿನ ಜಾವದವರೆಗೆ ಕುಳಿತಿರುತ್ತಿದ್ದರು. ವಿದೂಷಕನು ಪುಸ್ತಕದಿಂದ ಬಂದವನು. ಸಾರಥಿಯೂ ದೂತಿಯೂ ಊರಿನಿಂದ ಬಂದವರು. ಕಂಪನಿ ನಾಟಕದ ಹಾಸ್ಯಗಾರನಲ್ಲಿ ಮೂವರ ರಕ್ತವೂ ಕೂಡಿದೆ. ಆದರೆ ಮುಖಲಕ್ಷಣವು ಸಾರಥಿಯದೇ ಎಂದು ನಮ್ಮ ಅಭಿಪ್ರಾಯ.

ಇನ್ನು ಕಂಪನಿಯ ರಂಗಸ್ಥಳದ ರಚನೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಹಾಸ್ಯ ಪ್ರಸಂಗದ ಆಕಾರವನ್ನು ನಿರ್ಣಯಿಸಿದುದು ಅಲಂಕಾರಶಾಸ್ತ್ರವಲ್ಲ, ಪರದೆಯ ಹಗ್ಗ. ೧೮೮೪ರಲ್ಲಿ ಹೋಟಗಿಯಿಂದ ಗದಗಿಗೆ ರೈಲು ಬಂದಿತು. ಹತ್ತಿಯ ವ್ಯಾಪಾರಕ್ಕೆ ಬಂದ ಆ ಉಗಿಬಂಡಿಯಲ್ಲಿಯೇ ಬಣ್ಣದ ಪರದೆಗಳೂ ಮರದ ಪಕ್ಕಗಳೂ ಪೆಟ್ಟಿಗೆಗಟ್ಟಲೆ ಪೋಷಾಕೂ ಊರಿಂದೂರಿಗೆ ಹೋಗುವುದು ಸುಲಭವಾಯಿತು. ದರಬಾರು, ಉದ್ಯಾನ, ಅರಣ್ಯ, ಸ್ಮಶಾನ ಎಂದು ಒಂದೊಂದು ಸ್ಥಳಕ್ಕೆ ಒಂದೊಂದು ಪರದೆ. ಪ್ರೇಕ್ಷಕರಿಗೆ ವೈಭವದ ರುಚಿ ಹತ್ತಿದ ಮೇಲೆ ಪರದೆಯೊಂದೇ ಸಾಲದು. ಸಿಂಹಾಸನ ಬೇಕು, ಮೆಟ್ಟಿಲು ಬೇಕು, ಕಾರಂಜಿ ಬೇಕು. ಇವನ್ನು ಜೋಡಿಸುವುದಕ್ಕೆ ಹತ್ತು ನಿಮಿಷವಾದರೂ ಹಿಡಿಯುವುದು. ಅಷ್ಟು ಹೊತ್ತು ಸಾವಿರ ಜನರನ್ನು ಬರಿಯ ಮುಂಬರದೆಯನ್ನು ನೋಡುತ್ತ ಕುಳ್ಳಿರಿಸುವುದು ಯಾವ ಮಾಲಕನಿಂದಲೂ ಆಗುವ ಮಾತಲ್ಲ. ಆದಕಾರಣ ರಂಗದ ಮುಂಭಾಗದಲ್ಲಿ ಬೀದಿಯ ಚಿತ್ರವುಳ್ಳ ಪರದೆಯೊಂದನ್ನು ಇಳಿಬಿಡುವರು. ಕಂಪನಿಯವರ ಮಾತಿನಲ್ಲಿ ಇದು ‘ರೋಡ್ ಸೀನು’. ಅದರ ಮುಂದೆ ನಾಲ್ಕು ಮೊಳದ ಜಾಗದಲ್ಲಿ ಹಾಸ್ಯಗಾರನು ಬಂದು ನಿಲ್ಲುವನು. ಹಿಂದೆ ಬಡಗಿಗಳು ಸ್ವರ್ಗಲೋಕವನ್ನು ಕಟ್ಟುತ್ತಿರುವರು. ಮುಂದೆ ಇವನು ಅತ್ತೆಮನೆಯ ಕಥೆಯನ್ನು ಹೇಳುತ್ತಿರುವನು.

ಇದರಿಂದ ಹಾಸ್ಯದ ಬರೆವಣಿಗೆಗೆ ಕೆಲವು ವಿಚಿತ್ರ ನಿಬಂಧನೆಗಳುಂಟಾದುವು. ಪ್ರಸಂಗದಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು. ಅಗಲವಿದೆ, ಆಳವಿಲ್ಲವಾದುದರಿಂದ ಅದಕ್ಕಿಂತ ಹೆಚ್ಚು ಜನರು ನಿಲ್ಲಲಾರರು. ಕುರ್ಚಿ ಮೇಜುಗಳಿಲ್ಲ, ಕೈಯಲ್ಲಿ ಹಿಡಿದ ಕೊಡೆ, ಬೆತ್ತ, ಗಂಟು, ಇಷ್ಟೇ ಸಾಮಗ್ರಿ. ಕಥೆಯು ಮೊದಲನೆಯ ಅಂಕದಲ್ಲಿ ಬಿಟ್ಟಲ್ಲಿಂದ ಎರಡನೆಯ ಅಂಕದಲ್ಲಿ ಎತ್ತಿಕೊಳ್ಳುವಂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅದು ರಬ್ಬರಿನಂತೆ ಎಳೆದಷ್ಟೂ ಬರಬೇಕು. ಒಳಗೆ ಕೆಲಸವು ಮುಗಿಯದಿದ್ದರೆ ಪಕ್ಕದಿಂದ ಕೈಸನ್ನೆಯಾಗುವುದು. ಹಾಸ್ಯಗಾರನು ಇನ್ನೊಂದು ಹಾಡು ಹಾಡುವನು, ಇಲ್ಲವೆ ಮುಂದಿನ ಸಾಲಿನಲ್ಲಿ ಕುಳಿತ ಶೆಟ್ಟರ ರುಮಾಲನ್ನು ಕುರಿತು ಏನಾದರೂ ಅನ್ನುವನು. ಸೀಟಿಯ ಶಬ್ದವು ಕೇಳಿದ ಕೂಡಲೆ ಎಲ್ಲಿದ್ದರಲ್ಲಿ ಮಾತನ್ನು ಮಡಚಿ ಹೆಂಡತಿಯಿಂದ ಒಂದು ಏಟು ತಿಂದು ಓಡಬೇಕು. ಹೀಗೆ ಅಳತೆಯಿಲ್ಲದ ಕಾಲಕ್ಕೆ ಮಾತನ್ನು ಅಳೆದುಕೊಡುವುದು ಸುಲಭದ ವಿದ್ಯೆಯಲ್ಲ. ಅಂಕದ ಕೊನೆಗೆ ದುಃಖಾಂತವಾದ ಸನ್ನಿವೇಶವನ್ನು ಬರೆಯುವವನಿಗೆ ಪುರಾಣದ ಆಧಾರವುಂಟು, ರಾಗದ ಆಧಾರವುಂಟು. ಇವನಿಗೆ ಎದುರಿಗಿರುವ ಜನರ ಮುಖವೇ ಆಧಾರ.

ಭಾಷೆಯ ವಿಷಯವು ಇನ್ನೂ ಸ್ವಾರಸ್ಯವಾದುದು. ರಾಜ, ರಾಣಿ, ಮಂತ್ರಿ, ಋಷಿಗಳೆಲ್ಲರೂ ಗ್ರಂಥದ ಭಾಷೆಯನ್ನಾಡುವರು. ಉದಾಹರಣೆಗಾಗಿ ನಾವೇ ಒಂದು ಸಂಭಾಷಣೆಯನ್ನು ಕಲ್ಪಿಸಿಕೊಳ್ಳೋಣ. ‘ಎಲೈ ಚರನೇ, ನಮ್ಮ ರಾಜ್ಯದ ಪ್ರಜೆಗಳು ಸೌಖ್ಯದಿಂದಿರುವರೇ?’ ಎಂದು ದೊರೆಯು ಕೇಳುವನು. ‘ಹೌದ್ರಿ ಯಪ್ಪಾ, ಉಂಡವ್ರು ಭಾಳ ಸುಖದಾಗ ಅದಾರ್ರಿ; ಉಣ್ಣದವ್ರ ಸುದ್ದಿ ನನಗ ಗೊತ್ತಿಲ್ರಿ’ ಎಂದು ಚರನು ಹೇಳುವನು. ಮೊದಲಿನ ಮಾತು ಎಲ್ಲಿಯೂ ಆಡದ ಕನ್ನಡ. ಎರಡನೆಯದು ಗದಗಿನ ಪೇಟೆಯ ಕನ್ನಡ. ಪಂಪ ಮಹಾಕವಿಯು ತನ್ನ ಕಾವ್ಯದ ಭಾಷೆಯು ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಪಟ್ಟನು. ಆ ಪುಲಿಗೆರೆಯೇ ನಮ್ಮ ಲಕ್ಷ್ಮೇಶ್ವರ. ಕವಿರಾಜಮಾರ್ಗವು ಕನ್ನಡದ ತಿರುಳು ಎಂದು ಗುರುತಿಸಿದ ನಾಡಿನ ಎಲ್ಲೆಗಳಲ್ಲಿಯೂ ಅದೇ ಊರು ಬರುತ್ತದೆ. ಜೊತೆಗೆ ಹೇಳಿದ ಕೊಪಣವೂ, ಎಂದರೆ ಕೊಪ್ಪಳವೂ, ಮುಂಡರಗಿಗೆ ದೂರವಲ್ಲ. ಸಾವಿರ ವರ್ಷಗಳ ಹಿಂದೆ ಚಕ್ರವರ್ತಿಗಳ ಕಾವ್ಯಕ್ಕೆ ಒರೆಗಲ್ಲಾಗಿದ್ದ ಸೀಮೆಯ ಮಾತು, ನಾಟಕದ ಕಂಪನಿಗಳು ಬರುವ ಹೊತ್ತಿಗೆ ಸೇವಕನ ಬಾಯಲ್ಲಿ ಮಾತ್ರ ಉಳಿದಿತ್ತು. ಅದನ್ನು ಕೇಳಿ ಜನರು ನಕ್ಕುದು ಅವಹೇಳನದಿಂದಲ್ಲ. ಮೂರು ಗಂಟೆಗಳ ಕಾಲ ಪರಭಾಷೆಯಂತಹ ಕನ್ನಡವನ್ನು ಕೇಳಿದ ಬಳಿಕ ತಮ್ಮ ಮನೆಯ ಮಾತು ಕಿವಿಗೆ ಬಿದ್ದ ಆನಂದದಿಂದ ನಕ್ಕರು. ಮರಾಠಿ ನಾಟಕವು ಕೊಡಲಾರದ ವಸ್ತುವೂ ಇದೊಂದೇ. ನಟರ ಗಾಯನವು ಮರಾಠಿಯಲ್ಲಿದ್ದರೂ ಕನ್ನಡಿಗನ ಕಣ್ಣಲ್ಲಿ ನೀರು ತರಿಸಬಲ್ಲುದು. ಚಕ್ಕಡಿ ಕಟ್ಟಿಕೊಂಡು ಬಂದ ಒಕ್ಕಲಿಗನನ್ನು ನಗಿಸುವುದಕ್ಕೆ ಒಕ್ಕಲಿಗನ ಮಾತೇ ಬೇಕು. ಕನ್ನಡ ಕಂಪನಿಗಳು ಮರಾಠಿ ಮಂಡಳಿಗಳ ಎದುರಿಗೆ ನಿಂತು ಗೆದ್ದುದರಲ್ಲಿ ಶಾಂತಕವಿಗಳ ಛಲಕ್ಕೆ ಎಷ್ಟು ಪಾಲುಂಟೋ ಹೆಸರಿಲ್ಲದ ಈ ಹಾಸ್ಯಗಾರರಿಗೂ ಅಷ್ಟೇ ಪಾಲುಂಟೆಂದು ನಾವು ನಂಬುತ್ತೇವೆ.

ಹಾಗಿದ್ದರೂ ಅದನ್ನು ಬರೆದಿಡಲಿಲ್ಲವೇಕೆ? ಕಂಪನಿಯ ಕವಿ ಎಂಬವನು ಮಾಲಕನ ಅನ್ನವನ್ನುಂಡು ನಾಟಕವನ್ನು ಬರೆದುಕೊಡುವವನು. ಆ ಹಸ್ತಪ್ರತಿಯು ಕಂಪನಿಯ ಆಸ್ತಿ. ಬೇರೆಯವರ ಕೈಗೆ ಸಿಕ್ಕಿದರೆ ಮರುತಿಂಗಳು ಅವರು ಆಡಿಬಿಡುವರೆಂಬ ಅಂಜಿಕೆಯಿಂದ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ನಟರಿಗೆ ಸಿಕ್ಕುತ್ತಿದ್ದುದು ಅವರವರ ಮಾತಿನ ಹಾಳೆ ಮಾತ್ರ. ಅಂತಹ ಪ್ರತಿಯಲ್ಲಿಯೂ ಹಾಸ್ಯದ ಸ್ಥಳವು ಬಂದಾಗ ಕವಿಯು ಹೆಚ್ಚಾಗಿ ಕಥೆಯ ಎಳೆಯನ್ನಷ್ಟೇ ಕೊಟ್ಟು ಉಳಿದುದನ್ನು ನಟನಿಗೆ ಬಿಡುತ್ತಿದ್ದನು. ನಟನು ಹತ್ತು ಪ್ರಯೋಗಗಳಲ್ಲಿ ಅದನ್ನು ತಿದ್ದುವನು. ನಗು ಬಂದ ಮಾತು ಉಳಿಯುವುದು, ಬಾರದ ಮಾತು ಬೀಳುವುದು. ನೂರನೆಯ ಪ್ರಯೋಗದ ಹೊತ್ತಿಗೆ ಆ ಪ್ರಸಂಗದ ಕರ್ತೃ ಯಾರು? ಕವಿಯೇ, ನಟನೇ, ಎದುರಿಗೆ ಕುಳಿತ ಜನರೇ? ಸಾಹಿತ್ಯಚರಿತ್ರಕಾರನಿಗೆ ಇದು ತೊಡಕಿನ ಪ್ರಶ್ನೆ. ಹೆಸರಿಲ್ಲದ ಕೃತಿಯನ್ನು ಅವನು ಯಾವ ಅಧ್ಯಾಯದಲ್ಲಿಡಬೇಕು?

ಸರಕಾರದ ಕಾನೂನು ಸಹ ಈ ಮಾತುಗಳು ಬಾಯಿಂದ ಬಾಯಿಗೇ ಉಳಿಯುವುದಕ್ಕೆ ಅನುಕೂಲವಾಗಿತ್ತೆನ್ನಬೇಕು. ಬಂಗಾಳದ ನಾಟಕಗಳಿಗೆ ಹೆದರಿ ಇಂಗ್ಲಿಷ್ ಸರಕಾರವು ೧೮೭೬ರಲ್ಲಿ ನಾಟಕ ಪ್ರಯೋಗಗಳ ಕಾಯಿದೆಯನ್ನು ಮಾಡಿತು. ರಾಜದ್ರೋಹದ ಇಲ್ಲವೆ ಅನೀತಿಯ ನಾಟಕವನ್ನು ನಿಲ್ಲಿಸುವ ಅಧಿಕಾರವು ಅದರಿಂದ ಅಧಿಕಾರಿಗಳ ಕೈಗೆ ಬಂದಿತು. ಅವರು ಓದಬಲ್ಲುದು ಪುಸ್ತಕವನ್ನು. ರೋಡ್ ಸೀನಿನಲ್ಲಿ ಚರನು ತೆರಿಗೆಯನ್ನು ಕುರಿತು ಆಡಿದ ಮಾತು ಪುಸ್ತಕದಲ್ಲಿರದಿದ್ದರೆ ಅದಕ್ಕೆ ಸಾಕ್ಷಿಯೆಲ್ಲಿ? ಅಲ್ಲದೆ ಆ ಕಾಯಿದೆಯ ನಾಡು ಗದಗಿನ ತೆಂಕಣ ದಾರಿಯಲ್ಲಿ ಕೆಲವೇ ಹರದಾರಿ ನಡೆಯುವಷ್ಟರಲ್ಲಿ ಮುಗಿದು, ಶಿರಹಟ್ಟಿಯ ಸಂಸ್ಥಾನದ ನೆಲವು ಮೊದಲಾಗುತ್ತಿತ್ತು. ಬರೆಯದಿರುವುದೇ ಕ್ಷೇಮವೆಂದು ತಿಳಿದವರು ಬರೆಯಲಿಲ್ಲ. ಅವರ ಕ್ಷೇಮವು ನಮ್ಮ ನಷ್ಟ.

ಶಿರಹಟ್ಟಿಯ ಹೆಸರು ಬಂದಿತಾದುದರಿಂದ ಅಲ್ಲಿಯ ಕಂಪನಿಯನ್ನು ನೆನೆಯಬೇಕು. ವೆಂಕೋಬರಾಯರ ಮಹಾಲಕ್ಷ್ಮೀ ಪ್ರಾಸಾದಿಕ ನಾಟಕ ಮಂಡಳಿಯನ್ನು ಜನರು ಊರಿನ ಹೆಸರಿನಿಂದಲೇ ಶಿರಹಟ್ಟಿ ಕಂಪನಿಯೆಂದು ಕರೆದರು. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠದ ಈ ಸಣ್ಣ ಊರು ನಾಟಕದಿಂದ ನಾಡಿಗೆಲ್ಲ ಪರಿಚಿತವಾಯಿತು. ಬಳಿಕ ಗದಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯು ತಲೆಯೆತ್ತಿತು. ಗರುಡರು ಮಾಲಕರು, ನಟರು, ನಾಟಕಕಾರರು. ಮೂರೂ ಒಬ್ಬರೇ ಆದುದರಿಂದ ಅವರ ಕಂಪನಿಯಲ್ಲಿ ಬರೆವಣಿಗೆಗೂ ಅಭಿನಯಕ್ಕೂ ನಡುವೆ ಗೋಡೆಯಿರಲಿಲ್ಲ. ೧೬೧೪ರಲ್ಲಿ ವೆಂಕಟಪತಿರಾಯನು ತೀರಿಕೊಂಡ ಮೇಲೆ ವಿಜಯನಗರದ ಸಿಂಹಾಸನಕ್ಕಾಗಿ ನಡೆದ ಕಲಹವನ್ನು ಅವರು ‘ಎಚ್ಚಮನಾಯಕ’ದಲ್ಲಿ ನಾಟಕವಾಗಿಸಿದರು. ಪರರ ಆಳ್ವಿಕೆಯಲ್ಲಿದ್ದ ಪ್ರೇಕ್ಷಕರಿಗೆ ಸ್ವಾಮಿನಿಷ್ಠೆ, ದ್ರೋಹ ಎಂಬ ಶಬ್ದಗಳು ಬೇರೊಂದು ಅರ್ಥವನ್ನು ಹೇಳುತ್ತಿದ್ದುವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿದ್ಯಾವಂತರ ಮಾರ್ಗ ಬೇರೆಯಾಯಿತು. ಗದಗಿನವರೇ ಆದ ಹುಯಿಲಗೋಳ ನಾರಾಯಣರಾಯರು (೧೮೮೪–೧೯೭೧) ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಕಾನೂನಿನ ಪರೀಕ್ಷೆಯನ್ನು ಕೊಟ್ಟು, ಊರಿಗೆ ಬಂದು ವಕೀಲರಾದರು. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದ ಅವರ ನಾಡಗೀತವು ಅವರಿಗೆ ಎಷ್ಟು ಕೀರ್ತಿಯನ್ನು ತಂದಿತೆಂದರೆ, ಅವರು ನಾಟಕಕಾರರೆಂಬುದನ್ನೇ ಜನರು ಮರೆತರು. ಅವರ ನಾಟಕಗಳನ್ನು ಗದಗಿನಲ್ಲಿ ಆಡಿದ ಸಂಘದ ಹೆಸರು ಯಂಗ್ ಮೆನ್ಸ್ ಫುಟ್ಬಾಲ್ ಕ್ಲಬ್! ಚೆಂಡಾಡುವುದಕ್ಕೆ ಕೂಡಿದ ತರುಣರು ಬಣ್ಣ ಹಚ್ಚಿಕೊಂಡರೆಂದರೆ ಆ ಊರಿನ ನಾಟಕದ ಹುಚ್ಚು ಎಷ್ಟಿದ್ದಿತೆಂಬುದನ್ನು ಊಹಿಸಬಹುದು. ‘ಸಂಗೀತ ಕುಮಾರರಾಮ ಚರಿತ’ದಂತಹ ಸಂಗೀತ ನಾಟಕದಿಂದ ಹೊರಟು ‘ಪತಿತೋದ್ಧಾರ’, ‘ಶಿಕ್ಷಣ ಸಂಭ್ರಮ’ಗಳಂತಹ ಸಾಮಾಜಿಕ ವಸ್ತುಗಳಿಗೆ ನಾರಾಯಣರಾಯರು ಬಂದರು. ಅಸ್ಪೃಶ್ಯತೆ, ವಿದ್ಯಾಭ್ಯಾಸಗಳು ನಾಟಕದ ವಸ್ತುಗಳಾದಾಗ ಪುರಾಣದ ಗ್ರಾಂಥಿಕ ಭಾಷೆಯು ತಾನಾಗಿಯೇ ಬಿಗಿಯೆನಿಸುವುದು. ರೋಡ್ ಸೀನಿನಲ್ಲಿ ನಿಂತಿದ್ದ ಜನರು ಈಗ ದರಬಾರಿನ ಜಾಗಕ್ಕೆ ಬರಬೇಕಾದ ಸಮಯವದು.

ಆದರೆ ಅವರು ಬರಲು ತಡವಾಯಿತು. ಅದಕ್ಕೆ ನಮ್ಮಂತಹ ಇಂಗ್ಲಿಷ್ ಓದಿದವರೇ ಹೊಣೆ. ಕಂಪನಿಯ ಹಾಸ್ಯವು ಅಸಭ್ಯವೆಂದು ಪದವೀಧರರು ಮೂಗು ಮುರಿದರು. ಅಸಭ್ಯತೆಯು ಇದ್ದುದು ಸುಳ್ಳಲ್ಲ. ಆದರೆ ಕಳೆಯನ್ನು ಕೀಳುವೆನೆಂದು ಬೆಳೆಯನ್ನೂ ಕಿತ್ತಂತೆ ಸುಶಿಕ್ಷಿತರ ಸಂಘಗಳು ಹಾಸ್ಯವನ್ನೇ ಹೊರಗಿಟ್ಟು, ಉಪದೇಶವನ್ನು ಉಳಿಸಿಕೊಂಡುವು. ಕೆರೂರ ವಾಸುದೇವಾಚಾರ್ಯರು (೧೮೬೬–೧೯೨೧) ಮಾತ್ರ ಇಂಗ್ಲಿಷಿನಿಂದ ನಗುವನ್ನೂ ತಂದರು: ಶೇಕ್ಸ್‌ಪಿಯರನ ಬೇಸಗೆಯಿರುಳ ಕನಸಿನ ನಾಟಕವು ಅವರ ಕೈಯಲ್ಲಿ ‘ವಸಂತಯಾಮಿನಿ ಸ್ವಪ್ನಚಮತ್ಕಾರ’ವಾಯಿತು. ಬಾಗಿಲುಕೋಟೆಯ ವಕೀಲರಿಗೆ ಇದು ಸಾಧ್ಯವಾದುದು ಅವರು ಕಂಪನಿಯವರ ಒಡನಾಟವನ್ನು ಬಿಡದಿದ್ದುದರಿಂದ.

ಮೈಸೂರು ಸೀಮೆಯಲ್ಲಿ ಈ ಸಮಸ್ಯೆಯನ್ನು ಬಿಡಿಸಿದವರು ಟಿ. ಪಿ. ಕೈಲಾಸಂ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿ ಬಂದ ಅವರು ೧೯೧೮ರ ‘ಟೊಳ್ಳುಗಟ್ಟಿ’ಯಿಂದ ಮೊದಲುಮಾಡಿ ಮನೆಯ ಮಾತನ್ನೇ ನಾಟಕದ ಮಾತನ್ನಾಗಿ ಮಾಡಿದರು, ಇಂಗ್ಲಿಷ್ ಧಾಟಿಗಳಿಗೆ ಕನ್ನಡ ಹಾಡುಗಳನ್ನು ಹೊಸೆದರು. ೧೯೪೫ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದುದು ಹಾಸ್ಯಕ್ಕೆ ಸಂದ ಗೌರವವೇ ಸರಿ. ಕೈಲಾಸಮರಿಗೂ ಬರೆಯುವುದಕ್ಕೆ ಬೇಸರ. ಅವರು ಹೇಳುವರು, ಸ್ನೇಹಿತರು ಬರೆದುಕೊಳ್ಳುವರು. ಆ ಸ್ನೇಹಿತರಿಲ್ಲದಿದ್ದರೆ ಅವರ ನಾಟಕಗಳೂ ಬಹುಮಟ್ಟಿಗೆ ಗದಗಿನ ಹಾಸ್ಯಗಾರರ ಮಾತಿನ ದಾರಿಯನ್ನೇ ಹಿಡಿಯುತ್ತಿದ್ದುವು. ಕೈಲಾಸಮರ ಪ್ರತಿಭೆಯನ್ನು ನಾವು ಕಡಮೆಮಾಡುವುದಿಲ್ಲ. ಆಡುಮಾತನ್ನು ರಂಗಕ್ಕೆ ಮೊತ್ತಮೊದಲು ತಂದವರು ಅವರೆಂದು ಪಾಠಪುಸ್ತಕಗಳಲ್ಲಿ ಹೇಳುವುದನ್ನು ಮಾತ್ರ ಒಪ್ಪುವುದಿಲ್ಲ. ಅಚ್ಚಿಗೆ ತಂದವರು ಅವರು. ಧಾರವಾಡದ ಕಡೆ ಶ್ರೀರಂಗರು (೧೯೦೪–೧೯೮೪) ಅದೇ ಕೆಲಸವನ್ನು ಹೆಚ್ಚು ಕಹಿಯಾದ ನಗುವಿನಿಂದ ಮಾಡಿದರು. ಗುಬ್ಬಿಯ ವೀರಣ್ಣನವರು ‘ಸದಾರಮೆ’ಯ ಕಳ್ಳನ ಪಾತ್ರದಿಂದ ಹಾಸ್ಯಗಾರನೇ ಕಂಪನಿಯ ಒಡೆಯನೂ ಆಗಬಹುದೆಂದು ತೋರಿಸಿದರು; ಅದು ಇನ್ನೊಂದು ಉಪನ್ಯಾಸದ ವಿಷಯ.

೧೯೩೪ರಲ್ಲಿ ‘ಸತಿ ಸುಲೋಚನಾ’ದಿಂದ ಕನ್ನಡ ಮಾತಿನ ಚಿತ್ರವು ಬಂದಿತು. ಪರದೆಯ ವೈಭವದಲ್ಲಿ ಕಂಪನಿಗಳು ಅದರೊಡನೆ ಸೆಣಸಲಾರದೆ ಹೋದುವು. ಮಾಯಾಲೋಕವನ್ನು ಕ್ಯಾಮರಾ ಕ್ಷಣಮಾತ್ರದಲ್ಲಿ ತೋರಿಸುವಾಗ ಬಡಗಿಯ ಸ್ವರ್ಗಕ್ಕೆ ಬೆಲೆಯೆಲ್ಲಿಯದು? ಆಗ ವಿಚಿತ್ರವೊಂದು ನಡೆಯಿತು. ಹಿಂದಿನ ಪರದೆಗಳು ಒಂದೊಂದಾಗಿ ಕಡಮೆಯಾದುವು. ಮುಂದಿನ ಬೀದಿಯ ಪರದೆಯು ಉಳಿಯಿತು. ಪುರಾಣವು ಹಿಂಜರಿದು ಸಾಮಾಜಿಕ ನಾಟಕವು ಮುಂಬಂದಿತು. ಅದರಲ್ಲಿ ಹಾಸ್ಯಗಾರನು ಬಡಗಿಗಳಿಗೆ ಸಮಯವನ್ನು ದೊರಕಿಸಿಕೊಡುವ ಆಳಾಗಿ ಉಳಿಯದೆ ಕಥೆಯ ಕೇಂದ್ರಕ್ಕೆ ಬಂದನು. ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಈ ಬಗೆಯ ನಾಟಕ. ಅದರ ಗಯ್ಯಾಳಿಯೂ ಸಾಹುಕಾರನೂ ಹಳೆಯ ರೋಡ್ ಸೀನಿನ ಮೊಮ್ಮಕ್ಕಳೇ. ೧೯೭೪ರಲ್ಲಿ ಅದು ಚಲನಚಿತ್ರವಾದಾಗ ಮೈಸೂರು ಸೀಮೆಯವರೂ ಅದನ್ನು ತಮ್ಮದೆಂದರು.

ಗದಗಿನ ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿಯನ್ನು ಹೇಳಿ ನಿಲ್ಲಿಸುವೆವು. ಪಂಚಾಕ್ಷರ ಗವಾಯಿಗಳು (೧೮೯೨–೧೯೪೪) ಕಣ್ಣಿಲ್ಲದವರು. ಕಣ್ಣಿಲ್ಲದ ಮಕ್ಕಳಿಗೆ ಸಂಗೀತವನ್ನು ಕಲಿಸುವುದಕ್ಕೆ ಆಶ್ರಮವನ್ನು ನಡೆಸಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಸ್ವತಃ ನಾಟಕಗಳನ್ನು ರಚಿಸಿದರು. ಮಕ್ಕಳ ಅನ್ನಕ್ಕೆ ಬೇಕಾದ ಹಣದ ಒಂದು ಭಾಗವು ನಾಟಕದ ಟಿಕೇಟುಗಳಿಂದ ಬಂದಿತು. ಶರಣರ ಕಥೆಯ ಭಕ್ತಿ ನಾಟಕಗಳಲ್ಲಿಯೂ ನಡುನಡುವೆ ಹಾಸ್ಯ ಪ್ರಸಂಗಗಳನ್ನು ಸೇರಿಸುವ ಪದ್ಧತಿಯು ತಪ್ಪಲಿಲ್ಲ. ಗವಾಯಿಗಳ ಸಂಗೀತಕ್ಕೆ ಧ್ವನಿಮುದ್ರಿಕೆಗಳಿವೆ, ಶಿಷ್ಯಪರಂಪರೆಯಿದೆ. ಆ ಹಾಸ್ಯ ಪ್ರಸಂಗಗಳ ಮಾತು ಮಾತ್ರ ಈಗಲೂ ಮುಪ್ಪಿನ ನಟರ ನಾಲಗೆಯ ಮೇಲೆಯೇ ಇದೆ. ಕೇಳಿದರೆ ಅವರು ಕುಳಿತಲ್ಲಿಯೇ ಎರಡೂ ಪಾತ್ರಗಳ ಮಾತನ್ನು ಹೇಳಬಲ್ಲರು.